ನಿರ್ದೇಶಕರ ಗುರುತು ಕೇಳದ ಕಂಪ್ಯೂಟರ್

ತಾಲ್ಲೂಕಿನ ಒಂದು ಆಸ್ಪತ್ರೆಯಲ್ಲಿ ಹುಲಿಗೆಮ್ಮ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಳು. ನಿರ್ದೇಶಕ ವೃಷಭೇಂದ್ರಯ್ಯ ಒಂದು ದಿನ ಅವಳನ್ನು ಎಲ್ಲರೆದುರು ಗದರಿದರು.

"ಮನೆಯಿಂದ ವಿಪಿಎನ್ ಹಾಕಿ ಆಸ್ಪತ್ರೆ ಕಂಪ್ಯೂಟರಿಗೆ ಬಂದರೆ ಪಾಸ್‌ವರ್ಡ್ ಕೇಳುತ್ತೆ, ಆಮೇಲೆ ಫೋನಿಗೆ ಬಂದ ಕೋಡ್ ಕೇಳುತ್ತೆ. ನಾನು ಯಾರು ಅಂತ ನಾನು ರುಜುವಾತು ಮಾಡಬೇಕಾ? ಎಲ್ಲ ತೆಗಿ."

"ಸರ್, ಒಳಗೆ ರೋಗಿಗಳ ಕಾಯಿಲೆ ವಿವರ ಇದೆ. ತೆಗೆದರೆ ನಿಮ್ಮ ಹೆಸರಲ್ಲಿ ಯಾರು ಬೇಕಾದರೂ ಬರಬಹುದು."

"ಹೇಳಿದಷ್ಟು ಮಾಡು. ಇಲ್ಲ ಅಂದರೆ ನಾಳೆಯಿಂದ ಬರಬೇಡ."

ಹುಲಿಗೆಮ್ಮನಿಗೆ ಮೈಯೆಲ್ಲ ಉರಿಯಿತು. ಅವಳ ಅಕ್ಕನ ಕಾಯಿಲೆ ವಿವರವೂ ಆ ಕಂಪ್ಯೂಟರಿನೊಳಗೇ ಇತ್ತು. ಕೀಲಿಮಣೆ ಕುಟ್ಟುತ್ತಲೇ ಕಪ್ಪು ಪರದೆಯಲ್ಲಿ ಮೊದಲ ಆಜ್ಞೆ ಟೈಪ್ ಮಾಡಿದಳು. ನಿರ್ದೇಶಕರ ವಿಪಿಎನ್‌ನಿಂದ ರೋಗಿಗಳ ವಿವರಕ್ಕೆ ಹೋಗುವ ದಾರಿ ಮುಚ್ಚಿತು. ಇನ್ನೊಂದು ಆಜ್ಞೆಗೆ ಅವರ ಹೆಸರಿಗಿದ್ದ ಪಾಸ್‌ವರ್ಡೂ ಕೋಡೂ ಹೋದವು.

ಆಮೇಲೆ ಮನೆಗೆ ಹೋಗಿ, ತನ್ನ ಲ್ಯಾಪ್‌ಟಾಪಿನಿಂದ ನಿರ್ದೇಶಕರ ಹೆಸರಲ್ಲೇ ಒಳಹೊಕ್ಕು ಆಸ್ಪತ್ರೆಗೆಲ್ಲ ಒಂದು ಆದೇಶ ಕಳಿಸಿದಳು: 'ನಾಳೆಯಿಂದ ನನ್ನ ಕಾರು ಬಾಣಂತಿಯರನ್ನು ಮನೆಗೆ ಬಿಡಲಿದೆ.'

ಮರುದಿನ ಸಂಜೆ ನಿರ್ದೇಶಕರು ಮನೆಗೆ ಹೊರಡಲು ಆಸ್ಪತ್ರೆಯ ಬಾಗಿಲಿಗೆ ಬಂದಾಗ ಅವರ ಕಾರಿನಲ್ಲಿ ಒಬ್ಬ ಬಾಣಂತಿ ಮಗುವಿನೊಂದಿಗೆ ಕೂತಿದ್ದಳು. ಮಗುವಿನ ಅಜ್ಜಿ ಕೈಮುಗಿದು, "ನಿಮ್ಮ ಹೊಟ್ಟೆ ತಣ್ಣಗಿರಲಿ" ಅಂದಳು. ಸುತ್ತ ನರ್ಸುಗಳು ಚಪ್ಪಾಳೆ ತಟ್ಟಿದರು.

ನಿರ್ದೇಶಕರು ಹಲ್ಲು ಕಚ್ಚಿ ಹುಲಿಗೆಮ್ಮನನ್ನು ಪಕ್ಕಕ್ಕೆ ಕರೆದರು. "ಈ ಆದೇಶ ಯಾರದು?"

"ನಿಮ್ಮದೇ ಅನ್ನುತ್ತೆ ಕಂಪ್ಯೂಟರ್. ಯಾರು ಅಂತ ಕೇಳಬಾರದು ಅಂತ ಅದಕ್ಕೆ ನೀವೇ ಹೇಳಿಸಿದ್ದೀರಿ."

"ಪಾಸ್‌ವರ್ಡ್ ವಾಪಸ್ ಹಾಕು."

"ಕೋಡು?"

"ಅದನ್ನೂ."

"ಆಗಲಿ. ಆದೇಶ ರದ್ದು ಮಾಡೋದಾದರೆ ಆ ಅಜ್ಜಿಗೆ ನೀವೇ ಹೇಳಿ."

ಅವರು ಅಜ್ಜಿಯ ಕಡೆ ನೋಡಿದರು, ಹೇಗೋ ನಕ್ಕರು, ತಮಗೊಂದು ಆಟೋ ಕರೆದರು.