ಹಿಮ್ಮಡಿಯ ನಾಟಿ

"ಗುರುಗಳೇ, ಬಡತನದಲ್ಲಿ ಬಿದ್ದ ಹೆಂಗಸರೂ ಹರೆಯದವರೂ ಮೇಲೇಳಬೇಕಾದರೆ ಅವರ ಪಾಲಿಗೆ ನಿಯಮವನ್ನು ಕೊಂಚ ಸಡಿಲಿಸಬೇಕಲ್ಲವೇ?" ಎಂದು ಶಿಷ್ಯ ಕೇಳಿದ.

"ಸಡಿಲಿಸುವ ಮೊದಲು ನಿಯಮ ಏನು ಹೇಳುತ್ತದೆ ಎಂದು ನೋಡಿದೆಯಾ?" ಎಂದರು ಗುರುಗಳು. ಶಿಷ್ಯ ನೋಡಿರಲಿಲ್ಲ. ಗುರುಗಳು ಈ ಕತೆ ಹೇಳಿದರು.

ಆಫ್ರಿಕಾದಲ್ಲಿ ಒಂದು ದೊಡ್ಡ ಸರೋವರದ ದಂಡೆಯ ಮೇಲೆ ಒಂದು ಊರು. ಅಲ್ಲಿಯ ನಿಯಮ ಇಷ್ಟೇ: ನೆಲ ಕುಲದ್ದು, ಮರ ನೆಟ್ಟವರದು. ನೆಟ್ಟವರು ಗಂಡೋ ಹೆಣ್ಣೋ, ಹಿರಿಯರೋ ಕಿರಿಯರೋ ಎಂದು ನಿಯಮ ಕೇಳುತ್ತಿರಲಿಲ್ಲ. ಅದನ್ನು ಊರಿನವರೆಲ್ಲರೂ ಮುರಿದಿದ್ದರು.

ಮುರಿದ ಬಗೆ ಹೀಗೆ. ಮಾವಿನ ಓಟೆ ಊರಿ ಸಸಿ ಮಾಡುವವರು ಹೆಂಗಸರು. ಗುಂಡಿ ತೋಡುವವರು ಹರೆಯದವರು. ಸರೋವರದಿಂದ ನೀರು ಹೊರುವವರೂ ಅವರೇ. ಸಸಿಯನ್ನು ಗುಂಡಿಯಲ್ಲಿ ನಿಲ್ಲಿಸಿ ಮಣ್ಣು ಎಳೆದ ಮೇಲೆ ಮನೆಯ ಯಜಮಾನನನ್ನು ಕೂಗುತ್ತಿದ್ದರು. ಅವನು ಬಂದು ಬುಡದ ಮಣ್ಣನ್ನು ಹಿಮ್ಮಡಿಯಿಂದ ಒಮ್ಮೆ ಮೆಟ್ಟಿ ಹೋಗುತ್ತಿದ್ದ. ಆ ಮೆಟ್ಟೇ ನಾಟಿ ಎನಿಸಿಕೊಂಡಿತು. ಮರ ಅವನದಾಯಿತು. ಹೆಂಗಸು ಮೆಟ್ಟಿದ ಗಿಡ ಕಾಯಿ ಬಿಡುವುದಿಲ್ಲ ಎಂಬ ಮಾತು ಆಮೇಲೆ ಹುಟ್ಟಿತು. ಗಂಡಸರನ್ನಷ್ಟೇ ದೂರಬೇಡ. ಕೂಗಿ ಕರೆಯುತ್ತಿದ್ದವರು ಹೆಂಗಸರೇ. "ಬೇಗ ಬನ್ರೀ, ನಿಮ್ಮ ಪಾದಕ್ಕೆ ಮಣ್ಣು ಕಾಯ್ತಿದೆ" ಎಂದು ನಗುತ್ತ ಕರೆಯುತ್ತಿದ್ದರು.

ಆ ಊರಿನಲ್ಲಿ ಮರಗಳಿಗೆ ಆಯುಸ್ಸು ಇರಲಿಲ್ಲ. ಸಾಕದವನು ಕಡಿಯಲು ಹಿಂಜರಿಯುವುದಿಲ್ಲ. ಯಜಮಾನನಿಗೆ ಅವಸರ ಬಿದ್ದಾಗ ಫಲ ಕೊಡುವ ಮರವೇ ಇದ್ದಿಲಿನ ಗೂಡಿಗೆ ಹೋಗುತ್ತಿತ್ತು. ಹರೆಯದವರು ದೂರದ ಗಣಿಗಳಿಗೆ ಹೋಗುತ್ತಿದ್ದರು. ಹೆಂಗಸರು ಮತ್ತೆ ಓಟೆ ಊರುತ್ತಿದ್ದರು. ಇದನ್ನೇ ಆ ಊರು ಬಡತನ ಎಂದು ಕರೆಯುತ್ತಿತ್ತು.

ಅಲ್ಲಿ ಅಪಿಯೋ ಎಂಬ ವಿಧವೆ ಇದ್ದಳು. ಅವಳು ಸಾಕಿದ ಆರು ಮರಗಳನ್ನು ಎರಡು ಫಸಲು ಕೊಟ್ಟ ಮೇಲೆ ಮನೆಯ ಯಜಮಾನನಾದ ಮಾವ ಕಡಿಸಿದ. ಮರಗಳ ಜೊತೆ ಅವಳ ಮಗಳ ಶಾಲೆಯೂ ನಿಂತಿತು. ಅಪಿಯೋ ಅಳಲಿಲ್ಲ. ಮೂವತ್ತು ಓಟೆ ಊರಿದಳು. ಮೈದುನ ಒಡೇರಾ ಗುಂಡಿ ತೋಡಿದ. ಅವನಿಗೆ ಇಪ್ಪತ್ತು ವರ್ಷ. ಈ ಸಲದ ಮರಗಳೂ ಕೈತಪ್ಪಿದರೆ ಅವನು ಗಣಿಗೆ ಹೋಗುವವನಿದ್ದ, ಅವಳ ಮಗಳು ಮತ್ತೆ ಶಾಲೆ ಕಾಣುವಂತಿರಲಿಲ್ಲ.

ನೆಡುವ ದಿನ ಬಂತು. ಸಸಿಗಳು ಗುಂಡಿಗಳಲ್ಲಿ ನಿಂತವು. ಅಪಿಯೋ ಯಾರನ್ನೂ ಕೂಗಲಿಲ್ಲ. ಮಧ್ಯಾಹ್ನದವರೆಗೆ ಕಾದು ಮಾವನೇ ಬಂದ. ಹಿಂದೆಯೇ ಊರಿನ ಹೆಂಗಸರೂ ಬಂದರು.

"ಏನೇ ಅಪಿಯೋ, ಕರೆಯೋಕೆ ಗಂಟಲು ಕಟ್ಟಿತೇ?" ಎಂದು ಒಬ್ಬಳು ಚುಚ್ಚಿದಳು.

"ನೀರು ಹೊರಲು ನನ್ನನ್ನು ಯಾರೂ ಕೂಗಿ ಕರೆಯಬೇಕಾಗಿರಲಿಲ್ಲವಲ್ಲ, ಅಕ್ಕ" ಎಂದಳು ಅಪಿಯೋ.

ಮಾವ ಕೆಟ್ಟವನಲ್ಲ. ಊರಿನ ಮುಂದೆ ಸೊಸೆಯೊಡನೆ ಜಗಳ ಅವನಿಗೆ ಬೇಕಿರಲಿಲ್ಲ. ಮೆಟ್ಟಲು ಎತ್ತಿದ ಕಾಲನ್ನು ಕೆಳಗಿಟ್ಟು ಹೇಳಿದ: "ಆಗಲಮ್ಮ. ಗಂಡನಿಲ್ಲದವಳು, ಕಷ್ಟದಲ್ಲಿದ್ದೀಯೆ. ಇದೊಂದು ವರ್ಷ ನಿಯಮ ಸಡಿಲಿಸೋಣ. ನೀನೇ ಮೆಟ್ಟು. ನಾನು ಅಪ್ಪಣೆ ಕೊಟ್ಟಿದ್ದೇನೆ."

ಹೆಂಗಸರು ತಲೆದೂಗಿದರು. ಎಂಥ ದೊಡ್ಡ ಮನಸ್ಸು ಎಂದರು. ಒಡೇರಾ ಅತ್ತಿಗೆಯ ಕಿವಿಯ ಬಳಿ, "ಒಪ್ಪಿಕೊಳ್ಳಿ ಅತ್ತಿಗೆ. ಮರ ಸಿಕ್ಕರೆ ಸಾಲದೇ?" ಎಂದ.

ಅಪಿಯೋ ಕೈಯ ಮಣ್ಣು ಕೊಡವಿಕೊಂಡು ಎದ್ದು ನಿಂತಳು.

"ಬೇಡ ಮಾವ. ಅಪ್ಪಣೆಯಿಂದ ಬಂದ ಮರವನ್ನು ಅಪ್ಪಣೆಯಿಂದಲೇ ಕಡಿಸುತ್ತೀರಿ. ನೆಟ್ಟವರದು ಮರ ಎಂದು ನಿಮ್ಮ ತಾತ ಹೇಳಿದ್ದು. ಅದನ್ನು ನೀವು ಮುರಿದಿರಿ, ಈ ಅಕ್ಕಂದಿರು ಮುರಿದರು, ಇಷ್ಟು ವರ್ಷ ನಿಮ್ಮನ್ನು ಕೂಗಿ ಕರೆದು ನಾನೂ ಮುರಿದೆ. ನಿಮ್ಮ ಕರುಣೆ ನನಗೆ ಬೇಡ. ನಿಯಮ ಇದ್ದಂತೆಯೇ ಇರಲಿ."

"ಹೆಣ್ಣು ಮೆಟ್ಟಿದ ಗಿಡ ಕಾಯಿ ಬಿಡುವುದಿಲ್ಲ" ಎಂದು ಮಾವ ಗದರಿದ.

"ಹಾಗಾದರೆ ನಿಮಗೆ ಭಯವೇಕೆ, ಮಾವ?"

ಯಾರೋ ಕಿಸಕ್ಕನೆ ನಕ್ಕರು. ಮಾವ ನಗಲಿಲ್ಲ. "ನನ್ನ ಅಪ್ಪಣೆ ಇಲ್ಲದೆ ಮಣ್ಣು ಮುಟ್ಟಿದರೆ ನನ್ನ ಮನೆಯಲ್ಲಿ ನಿನಗೆ ಜಾಗವಿಲ್ಲ" ಎಂದ. ತಲೆದೂಗಿದ್ದ ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು. ಒಡೇರಾ ತಂದೆಯ ಮುಖ ನೋಡಿದ, ಅತ್ತಿಗೆಯ ಮುಖ ನೋಡಿದ, ತಾನು ತೋಡಿದ ಗುಂಡಿಗಳ ಸಾಲನ್ನು ನೋಡಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ತಡೆಯಲಾರದೆ ಕೇಳಿದ: "ಕೊನೆಗೆ ಅವಳಿಗೆ ಅಪ್ಪಣೆ ಕೊಟ್ಟವರು ಯಾರು, ಗುರುಗಳೇ?"

"ಅವಳು ಹದಿನೈದು ಗಿಡಗಳನ್ನು ಮೆಟ್ಟಿ, ಉಳಿದ ಹದಿನೈದರ ಮುಂದೆ ಒಡೇರಾನನ್ನು ನಿಲ್ಲಿಸಿ, 'ಗುಂಡಿ ತೋಡಿದವನು ನೀನು. ನೀನು ಯಾರನ್ನು ಕೇಳಬೇಕು?' ಎಂದಳು."