ಲೆಕ್ಕಕ್ಕೆ ಬಾರದ ಮೆಟ್ಟಿಲು

“ಗುರುಗಳೇ, ಯಾರ ಕಣ್ಣಿಗೂ ಬೀಳದ ಕೆಲಸವನ್ನು ಎಷ್ಟು ದಿನ ಅಂತ ಮಾಡಬೇಕು?”

ಕೇಳಿದವನು ಚನ್ನಮಲ್ಲ. ಮಠದ ದಾಸೋಹದ ಅಕ್ಕಿಯಲ್ಲಿ ಕಲ್ಲು ಆರಿಸುವುದು ಆರು ವರ್ಷದಿಂದ ಅವನ ಪಾಲಿನ ಕೆಲಸ. ಉಂಡವರು ಸಾರನ್ನು ಹೊಗಳುತ್ತಿದ್ದರು, ಪಾಯಸವನ್ನು ಹೊಗಳುತ್ತಿದ್ದರು. ಅನ್ನದಲ್ಲಿ ಕಲ್ಲಿಲ್ಲವೆಂದು ಒಬ್ಬರೂ ಹೇಳಿರಲಿಲ್ಲ. ಮಠ ಬಿಟ್ಟು ಹೋಗಿಬಿಡಲೇ ಎನ್ನುವಷ್ಟು ಅವನಿಗೆ ಬೇಸರವಾಗಿತ್ತು. ಅಂದು ಬೆಳಿಗ್ಗೆ ಮುನಿಸಿನಲ್ಲಿ ಅಕ್ಕಿಯನ್ನು ಮೊರದಲ್ಲಿ ಎರಡು ಸಲ ಕೇರಿ, ಕಲ್ಲು ಆರಿಸದೆ ಕೈತೊಳೆದುಕೊಂಡಿದ್ದ. ಅದೊಂದನ್ನು ಮಾತ್ರ ಗುರುಗಳಿಗೆ ಹೇಳಲಿಲ್ಲ.

ಊಟ ಮುಗಿಸಿ ಜಗಲಿಯಲ್ಲಿ ಕುಳಿತಿದ್ದ ಗುರುಗಳು ನಕ್ಕು, ಒಂದು ಕತೆ ಹೇಳಿದರು.

ನಮ್ಮ ಕಡೆ ಒಬ್ಬ ಕಲ್ಲುಕುಟಿಗನಿದ್ದ. ಹನ್ನೆರಡು ವರ್ಷ ಅವನು ಮಾಡಿದ್ದು ಒಂದೇ ಕೆಲಸ, ಗುಡಿಗಳಿಗೆ ಮೆಟ್ಟಿಲು ಕೂರಿಸುವುದು. ಜೊತೆಯವರು ಬಳ್ಳಿ ಕೆತ್ತಿದರು, ಆನೆ ಕೆತ್ತಿದರು, ಅದರ ಕೆಳಗೆ ತಮ್ಮ ಹೆಸರನ್ನೂ ಕೆತ್ತಿದರು. ಮೆಟ್ಟಿಲ ಮೇಲೆ ಹೆಸರು ಕೆತ್ತಿದರೆ ಓದುವವರಿಗಿಂತ ತುಳಿಯುವವರೇ ಹೆಚ್ಚು. ರಜಪೂತರ ನಾಡಿನಲ್ಲಿ ಕಲ್ಲನ್ನು ಜಾಲರಿಯಂತೆ ಕೊರೆಯುತ್ತಾರಂತೆ, ಕಲಿತೇ ಬರುತ್ತೇನೆ ಎಂದು ಅವನು ಉಳಿಗಳನ್ನು ಗಂಟು ಕಟ್ಟಿಕೊಂಡು ಹೊರಟುಬಿಟ್ಟ.

ತಿಂಗಳುಗಟ್ಟಲೆ ನಡೆದು ಒಂದು ಹಳೆಯ ಅರಮನೆ ಮುಟ್ಟಿದ. ಅದರ ದುರಸ್ತಿ ನೋಡಿಕೊಳ್ಳುತ್ತಿದ್ದವನು ಜಾಲರಿ ಕೆಲಸದ ಒಬ್ಬ ಮುದಿ ಉಸ್ತಾದ. ಅರ್ಧ ಮಾತು, ಅರ್ಧ ಕೈಸನ್ನೆಯಲ್ಲಿ ಬಂದವನ ಆಸೆ ತಿಳಿದುಕೊಂಡು, “ಮೊದಲು ಅರಮನೆ ನೋಡಿ ಬಾ” ಎಂದ.

ಬೆಳಿಗ್ಗೆ ಒಳಗೆ ಹೋದ ಕಲ್ಲುಕುಟಿಗ ಐದು ಅಂತಸ್ತು ಹತ್ತಿಳಿದು ಮಧ್ಯಾಹ್ನ ಹೊರಗೆ ಬಂದ. ಮುಖ ಅರಳಿತ್ತು.

“ಏನೇನು ನೋಡಿದೆ?”

“ಏನು ಹೇಳಲಿ ಅಜ್ಜಾ! ಛಾವಣಿ ತುಂಬ ಕನ್ನಡಿ ಚೂರು. ಸುಣ್ಣದ ಗೋಡೆಯೋ, ಬೆಣ್ಣೆ ಸವರಿದ ಹಾಗೆ ನುಣುಪು. ಹೊರಗೆ ಮರಳು ಕಾದು ಕೆಂಡವಾಗಿದೆ, ಒಳಗೆ ಜಾಲರಿಯಿಂದ ತಣ್ಣನೆಯ ಗಾಳಿ ಬರ್ತಿದೆ. ಎತ್ತಿದ ತಲೆ ಇಳಿಸಲಿಲ್ಲ ನಾನು.”

“ಮೆಟ್ಟಿಲು ಹೇಗಿದ್ದವು?”

ಕಲ್ಲುಕುಟಿಗ ತಿರುಗಿ ಅರಮನೆಯ ಕಡೆ ನೋಡಿದ. ಹನ್ನೆರಡು ವರ್ಷ ಮೆಟ್ಟಿಲನ್ನೇ ಕೂರಿಸಿದವನಿಗೆ ಒಂದು ಮೆಟ್ಟಿಲೂ ನೆನಪಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

“ಎಡವಲಿಲ್ಲ ತಾನೆ? ಇಲ್ಲಿನ ಬಾಗಿಲುಗಳು ನಿನ್ನ ಹುಬ್ಬಿನ ಮಟ್ಟಕ್ಕೆ ಬರುತ್ತವೆ. ಹಣೆ ನೋಡಿದರೆ ಒಂದು ಗಾಯವೂ ಇಲ್ಲ” ಎಂದು ಉಸ್ತಾದ ತನ್ನ ಕೆಲಸಕ್ಕೆ ತಿರುಗಿದ.

ಕಲ್ಲುಕುಟಿಗ ಮತ್ತೆ ಒಳಗೆ ಹೋದ. ಮಂಡಿಯೂರಿ, ಕತ್ತಲೆಯ ಸುತ್ತುಮೆಟ್ಟಿಲನ್ನು ಗೇಣು ಹಾಕಿ ಅಳೆದ. ಕೆಳಗಿನಿಂದ ಮೇಲಿನವರೆಗೆ ಎತ್ತರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಪ್ರತಿ ಗಿಡ್ಡ ಬಾಗಿಲ ಮುಂದೆ ನೆಲವನ್ನು ನಾಲ್ಕು ಬೆರಳು ತಗ್ಗಿಸಿದ್ದರು. ಕಾಲು ತಗ್ಗಿಗೆ ಇಳಿದರೆ ತಲೆ ತಾನಾಗಿ ಬಾಗುತ್ತದೆ. ಅಷ್ಟು ಹೊತ್ತು ಅವನು ತಲೆ ಬಾಗಿಸಿದ್ದ, ಬಾಗಿಸಿದ್ದು ಅವನಿಗೇ ಗೊತ್ತಿರಲಿಲ್ಲ. ಕನ್ನಡಿಯನ್ನೂ ಜಾಲರಿಯನ್ನೂ ನೋಡಲಿ ಎಂದು ಯಾರೋ ತನ್ನ ಕಸುಬಿನವನೇ ಬೆಳಗಿನಿಂದ ತನ್ನನ್ನು ಕೈಹಿಡಿದು ನಡೆಸಿದ್ದ. ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಒಬ್ಬನೇ ನಕ್ಕ. ಊರು ಬಿಟ್ಟ ಮೇಲೆ ಮೊದಲ ಸಲ ಅವನ ಮನಸ್ಸು ಹಗುರವಾಯಿತು.

ಹೊರಗೆ ಬಂದು, “ಅಜ್ಜಾ, ಜಾಲರಿ ಇರಲಿ. ಆ ನಾಲ್ಕು ಬೆರಳಿನ ಲೆಕ್ಕ ಹೇಳಿಕೊಡಿ” ಎಂದ. ಕಲಿತು ಊರಿಗೆ ಬಂದ. ಆಮೇಲೆ ಅವನು ಕೂರಿಸಿದ ಮೆಟ್ಟಿಲುಗಳನ್ನು ನಾವು ಯಾರೂ ನೋಡಿಲ್ಲ, ಹತ್ತಿದ್ದೇವೆ.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು. ಚನ್ನಮಲ್ಲನಿಗೆ ಸಮಾಧಾನವಾಗಲಿಲ್ಲ.

“ಕತೆ ಚೆನ್ನಾಗಿದೆ, ಗುರುಗಳೇ. ಆದರೆ ಮೆಟ್ಟಿಲು ಕೂರಿಸಿದವನನ್ನು ನೆನೆದವರು ಯಾರು?”

ಗುರುಗಳು ಹೊದ್ದ ವಸ್ತ್ರದ ತುದಿಯ ಗಂಟು ಬಿಚ್ಚಿ, ಅಕ್ಕಿಕಾಳಿನಷ್ಟೇ ಬೆಳ್ಳಗಿದ್ದ ಒಂದು ಕಲ್ಲನ್ನು ಅವನ ಅಂಗೈಯಲ್ಲಿಟ್ಟರು.

“ಆರು ವರ್ಷದಲ್ಲಿ ಊಟದ ನಡುವೆ ನಾನು ನಿನ್ನನ್ನು ನೆನೆದದ್ದು ಇವತ್ತೇ ಮೊದಲು, ಚನ್ನಮಲ್ಲ.”