ಕುಣಿಯುವ ಜೇನಿಗೆ ಜಾಗವಿಲ್ಲ

ರಾಣಿಜೇನು ಮಾಡಿದ್ದು ತಪ್ಪು. ಗೂಡಿನಲ್ಲಿ ಯಾರಿರಬೇಕು, ಯಾರು ಹೋಗಬೇಕು ಎಂಬ ತೀರ್ಮಾನವನ್ನು ಅದು ಹೊರಗಿನ ಕಣಜದ ಹುಳುವಿಗೆ ಗುತ್ತಿಗೆ ಕೊಟ್ಟಿತು. ಮೊಟ್ಟೆಯಿಡುವ ತನಗೆ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂದುಕೊಂಡಿತು.

ಮೊದಲ ದಿನವೇ ಕಣಜದ ಹುಳು ಒಂದು ಮುದಿ ಜೇನನ್ನು ತಡೆದು ನಿಲ್ಲಿಸಿತು. "ಎಲ್ಲರೂ ಹೂವಿಗೆ ಹಾರುತ್ತಿದ್ದಾರೆ, ನೀನೊಬ್ಬಳು ಇಲ್ಲೇ ಕುಣಿಯುತ್ತಿದ್ದೀಯಲ್ಲ, ಇದೇನು ಮದುವೆಮನೆಯೇ?"

"ಹೂ ಯಾವ ದಿಕ್ಕಿಗಿದೆ, ಎಷ್ಟು ದೂರವಿದೆ ಎಂದು ನಾವು ಕುಣಿದೇ ತಿಳಿಸುವುದು, ಸ್ವಾಮಿ. ಬೇಕಾದರೆ ನಮ್ಮ ರಾಣಿ ಅವ್ವನನ್ನೇ ಕೇಳಿ."

"ಅವ್ವನಿಗೆ ಬಿಡುವಿಲ್ಲ. ನಡೆ ಆಚೆ!"

ಮುದಿ ಜೇನು ರಾಣಿಯ ಕಡೆ ನೋಡಿತು. ರಾಣಿಗೆ ಆ ಕುಣಿತದ ಅರ್ಥ ಗೊತ್ತಿತ್ತು, ಆದರೂ ಮೊಟ್ಟೆಯಿಡಲು ಮುಂದಿನ ಕೋಣೆಗೆ ಸರಿಯಿತು. ಸಂಜೆಯೊಳಗೆ ಕುಣಿಯುವ ಜೇನುಗಳೆಲ್ಲ ಹೊರಬಿದ್ದವು.

ಮರುದಿನದಿಂದ ಉಳಿದವು ಗೊತ್ತುಗುರಿಯಿಲ್ಲದೆ ಹಾರಿ, ಬರಿಗೈಲಿ ಮರಳಿದವು. ಮರಿಗಳು ಹಸಿವಿನಿಂದ ಸಾಯತೊಡಗಿದವು.

"ಜೇನುತುಪ್ಪ ಎಲ್ಲಯ್ಯಾ?" ಎಂದು ರಾಣಿ ಅರಚಿತು.

"ಅದು ನನ್ನ ಗುತ್ತಿಗೆಗೆ ಸೇರಿದ್ದಲ್ಲ, ತಾಯಿ. ಆದರೆ ನೋಡಿ, ಗೂಡಿನಲ್ಲಿ ಸೋಮಾರಿ ಒಬ್ಬರೂ ಉಳಿದಿಲ್ಲ!"

ಯಜಮಾನರೇ, ದುಡಿಯುವವರ ಕೆಲಸ ಏನೆಂದೇ ತಿಳಿಯದವರ ಕೈಗೆ ಅವರ ಅನ್ನವನ್ನು ಒಪ್ಪಿಸಬೇಡಿ. ನಾಳೆ ಬೆಳಿಗ್ಗೆ ನೀವೇ ಇಳಿದು ಬನ್ನಿ, ಅವರ ಪಕ್ಕದಲ್ಲಿ ನಿಂತು ನೋಡಿ.